ಮೆತ್ತನೆಯ ಜಾಗ

ದನದ ಸಂತೆಯ ದಿನ ಲ್ಯಾಂಪೀಟರಿನ ಬೀದಿಯಲ್ಲಿ
ಸಗಣಿ ಮೆತ್ತಿದ ಟೈರುಗಳ ಗುರುತು.
ಮಾಂಸದಂಗಡಿಯ ಮೇಲಿನ ಮಹಡಿ ನನ್ನದು:
ಒಂದು ಕುರ್ಚಿ, ಒಂದು ದೀಪ,
ಹಬೆಯಲ್ಲಿ ಬೆಂದ ಸೂಜಿಗಳು ಕಾಗದದ ಚೀಲದಲ್ಲಿ.

ಮೊದಲು ಕೇಳಿದ್ದು ಮೆಟ್ಟಿಲ ಮೇಲೆ ಬೂಟು, ಆಮೇಲೆ ಕೆಮ್ಮು.
ಹತ್ತೊಂಬತ್ತರ ಹುಡುಗಿ, ಲುನೆದ್.
ಹಿಂದೆ ಅವಳಜ್ಜ ಎಮ್ಲಿನ್, ಟೋಪಿ ತೆಗೆದು ಕೈಯಲ್ಲಿ ಹಿಡಿದು
ಪ್ರಾರ್ಥನೆಗೆ ತಡವಾಗಿ ಬಂದವನ ಹಾಗೆ.

"ಮೂಗುಬಟ್ಟಲ್ಲ," ಎಂದಳು, "ನಡುವೆ ಬೇಕು,
ಎರಡು ಹೊಳ್ಳೆಗಳ ನಡುವಿನ ಗೋಡೆಗೆ."

ಮುದುಕ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ
ತಾಮ್ರದ್ದೊಂದು. ಬಳೆ ಅಂದುಕೊಂಡೆ.
ಒಂದು ಕಡೆ ಸವೆದು ತೆಳ್ಳಗಾಗಿತ್ತು
ಹಗ್ಗ ಎಳೆದೆಳೆದು.
"ಇದನ್ನ ಹಾಕೋಕಾಗುತ್ತಾ?"

ಮೂಗಿಗಿಂತ ಮೂಗುತಿ ಭಾರ, ಎಂದು ನಕ್ಕೆ.
ನಾನೊಬ್ಬಳೇ ನಕ್ಕದ್ದು.

"ಮ್ಯಾಕ್ಸೆನ್‌ದು," ಎಂದಳು ಲುನೆದ್.
ಮಾರ್ಚಿನಲ್ಲಿ ಸರಕಾರದ ಡಾಕ್ಟರು ಬಂದು
ಎಲ್ಲದರ ಕುತ್ತಿಗೆಗೂ ಚುಚ್ಚಿ ಹೋದರಂತೆ,
ಮೂರು ದಿನ ಬಿಟ್ಟು ಬಂದು ಗಂಟು ಅಳೆದರಂತೆ.
ಕ್ಷಯ. ಮೂವತ್ತೊಂದು ಹಸು, ಒಂದು ಹೋರಿ.
ಲಾರಿ ಹತ್ತಿಸುವಾಗ ಹಗ್ಗ ಹಿಡಿದದ್ದು ಅಜ್ಜನೇ,
ಬೇರೆ ಯಾರು ಹಿಡಿದರೂ ಅದು ಬರುತ್ತಿರಲಿಲ್ಲ.

ನಾನು ಕೈಗವಸು ತೊಟ್ಟು, ಬೆರಳ ತುದಿಯಲ್ಲಿ
ಅವಳ ಮೂಗಿನೊಳಗೆ ತಡಕುತ್ತಿದ್ದೆ.
"ಗಟ್ಟಿ ಎಲುಬು ಮುಗಿದು ಚರ್ಮ ಶುರುವಾಗೋ ಕಡೆ
ಒಂದು ಮೆತ್ತನೆಯ ಜಾಗ ಇರುತ್ತೆ," ಎಂದ ಮುದುಕ,
"ಅದು ಸಿಕ್ಕರೆ ನೋವೇ ಇಲ್ಲ. ತಪ್ಪಿದರೆ ದೇವರೇ ಗತಿ."
ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು.
ಎಷ್ಟು ಹೋರಿ ಚುಚ್ಚಿದ್ದೀರಿ?
"ನಲವತ್ತು. ನಲವತ್ತೆರಡು. ಒಂದು ನನ್ನ ಪಕ್ಕೆಲುಬು ಮುರೀತು.
ತಪ್ಪು ನಂದೇ."

ನೇರಳೆ ಶಾಯಿಯ ಚುಕ್ಕೆ ಇಟ್ಟೆ. ಕನ್ನಡಿ ಕೊಟ್ಟೆ.

"ಮೂಗುದಾರದ ತುದಿ ಯಾರ ಕೈಲಿರುತ್ತೆ ಮರೀ?"
"ದಾರ ಇಲ್ಲ ಅಜ್ಜ. ಬರೀ ಉಂಗುರ."
"ಉಂಗುರ ಕಂಡರೆ ಹಗ್ಗ ಹಿಡ್ಕೊಂಡು ಬರ್ತಾರೆ."
"ಬರಲಿ. ಹಾಯ್ತೀನಿ."

ಮುಟ್ಟಬಾರದು ಎಂದು ಗೋಡೆಯ ಮೇಲೆ ಬರೆದಿದೆ.
ಆದರೂ ಮುದುಕ ಬಂದು, ಯಾರನ್ನೂ ಕೇಳದೆ,
ಬಿರುಕುಬಿಟ್ಟ ಅಂಗೈಯನ್ನು ಅವಳ ಗದ್ದದಡಿ ಒಡ್ಡಿದ.
ತಲೆ ತಾನಾಗಿ ಅಲ್ಲಿ ಕೂತಿತು.
ಉಸಿರು ತಗೋ, ಎಂದೆ ನಾನು.
"ದೆರೆ, ಬಾಖ್," ಎಂದ ಅವನು. ಬಾ, ಪುಟ್ಟಾ.
ಲಾರಿಯ ಬಾಗಿಲಲ್ಲೂ ಇದೇ ಮಾತು ಅಂದಿರಬೇಕು,
ಇದೇ ದನಿಯಲ್ಲಿ.

ಬಿಡು, ಎಂದೆ. ಸೂಜಿ ದಾಟಿತು.

ಕಣ್ಣು ತುಂಬಿ ಬರುತ್ತೆ, ಅದು ಅಳು ಅಲ್ಲ,
ಮೂಗಿಗೂ ಕಣ್ಣಿಗೂ ಒಳಗೊಳಗೇ ಒಂದು ಕಾಲುವೆ ಇದೆ:
ಕುರ್ಚಿಯಲ್ಲಿ ಕೂತ ಎಲ್ಲರಿಗೂ ಹೇಳುವ ಮಾತು.
ಅವತ್ತು ಹೇಳಲಿಲ್ಲ.
ಕಣ್ಣು ತುಂಬಿದ್ದು ಕುರ್ಚಿಯಲ್ಲಿದ್ದವಳಿಗೆ ಮಾತ್ರ ಅಲ್ಲ.

ಲಾಳದ ಆಕಾರದ ಸಣ್ಣ ಉಂಗುರ, ತುದಿಗಳಿಗೆ ಮಣಿ.
ಬೇಡವೆನಿಸಿದ ದಿನ ಮೇಲಕ್ಕೆ ಮಡಚಿ
ಹೊಳ್ಳೆಯೊಳಗೆ ಬಚ್ಚಿಡಬಹುದು, ಎಂದೆ.
"ಬಚ್ಚಿಡೋಕಾ ಇಷ್ಟು ದುಡ್ಡು?" ಎಂದ ಮುದುಕ.
ದಿನಕ್ಕೆರಡು ಸಲ ಉಪ್ಪುನೀರು, ಎಂದೆ.
"ನಾವು ಹಂದಿಕೊಬ್ಬು ಸವರ್ತಿದ್ವಿ."
ಅದು ಬೇಡ, ಎಂದೆ.

ನೋಟುಗಳಿಗೆ ಕುರಿಯುಣ್ಣೆಯ ವಾಸನೆ.
ಮೆಟ್ಟಿಲಿಳಿಯುವಾಗ ಅವಳು ಸೀನಿ,
ಬೈದು, ಜೋರಾಗಿ ನಕ್ಕದ್ದು ಕೇಳಿಸಿತು.

ಬಾಗಿಲು ಹಾಕುವಾಗ ಕಣ್ಣಿಗೆ ಬಿತ್ತು
ಮೇಜಿನ ಮೇಲೆಯೇ ಉಳಿದ ತಾಮ್ರ.
ಮರೆತರೋ ಬಿಟ್ಟರೋ.
ಫಾರಮ್ಮಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.
ರಿಂಗಾಯಿತು, ರಿಂಗಾಯಿತು, ಯಾರೂ ಎತ್ತಲಿಲ್ಲ.
ಐದೂವರೆ. ಹಾಲು ಕರೆಯುವ ಹೊತ್ತು,
ಕೊಟ್ಟಿಗೆಯಲ್ಲಿರಬೇಕು ಅಂದುಕೊಂಡೆ,
ಆಮೇಲೆ ನೆನಪಾಯಿತು.